ಹೆತ್ತವರು ಕೇಳಿದ ಪ್ರಶ್ನೆ

“ಹೆತ್ತವರಿಗೆ ಹೆಗ್ಗಣ ಮುದ್ದು” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತಾಯಿತಂದೆಗಳ ಪ್ರೀತಿಗೆ ಕಣ್ಣಿಲ್ಲ, ಲೋಕಕ್ಕೆ ಎದ್ದು ಕಾಣುವ ಕೊರತೆ ಅವರಿಗೆ ಮಾತ್ರ ಕಾಣದು ಎಂಬುದು ಅದರ ತಾತ್ಪರ್ಯ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹಿರಿಯರು ಹೇಳುತ್ತಾರೆ. ಆದರೆ ಈ ಒಂದು ಗಾದೆಯ ಮಟ್ಟಿಗೆ ಚರಿತ್ರೆಯು ಬೇರೆಯ ಸಾಕ್ಷ್ಯವನ್ನು ನುಡಿಯುತ್ತದೆ. ಬುದ್ಧಿ ಬೆಳೆಯದ ಮಕ್ಕಳನ್ನು ಸಾಕಿದ ಸಂಸಾರಗಳ ವಿಷಯದಲ್ಲಿ ವೈದ್ಯರೂ ಪಂಡಿತರೂ ನ್ಯಾಯಾಧೀಶರೂ ಬಹುಕಾಲ ಕಾಣದೆ ಹೋದುದನ್ನು ಹೆತ್ತವರು ಕಂಡರು. ಅವರು ಕಂಡದ್ದನ್ನು ಲೋಕವು ಒಪ್ಪುವುದಕ್ಕೆ ಎಷ್ಟು ಕಾಲ ಹಿಡಿಯಿತು, ಒಪ್ಪಿದ ಮೇಲೆ ಏನಾಯಿತು, ಇನ್ನೂ ಒಪ್ಪದೆ ಉಳಿದಿರುವುದು ಯಾವುದು ಎಂಬುದನ್ನು ಒಂದು ರೋಗದ ಚರಿತ್ರೆಯ ಮೂಲಕ ಈ ಹೊತ್ತು ನಿರೂಪಿಸಬೇಕೆಂದಿದ್ದೇನೆ.

ಮೊದಲು ಮಾತಿನ ವಿಷಯ. ಇಂಥ ಮಕ್ಕಳನ್ನು ನಮ್ಮ ಜನ ಪೆದ್ದು, ಮಂಕು, ಜಡ ಎಂದು ಕರೆದದ್ದುಂಟು. ಇಂಗ್ಲಿಷಿನಲ್ಲಿ ಇಂದು ಬೈಗುಳವಾಗಿ ಉಳಿದಿರುವ ಈಡಿಯಟ್, ಇಂಬೆಸಿಲ್, ಮೋರನ್ ಎಂಬ ಮೂರು ಪದಗಳು ಒಂದು ಕಾಲಕ್ಕೆ ಶಾಸ್ತ್ರದ ಪರಿಭಾಷೆಗಳಾಗಿದ್ದುವು. ಬುದ್ಧಿಯ ಕೊರತೆಯ ಮೂರು ಮೆಟ್ಟಿಲುಗಳನ್ನು ಸೂಚಿಸುತ್ತಿದ್ದುವು. ೨೦೧೬ರ ನಮ್ಮ ದೇಶದ ಕಾಯಿದೆಯು ಇದನ್ನು ‘ಬೌದ್ಧಿಕ ವಿಕಲತೆ’ ಎಂಬ ಅರ್ಥದ ಮಾತಿನಿಂದ ಕರೆಯುತ್ತದೆ. ಹಳೆಯ ಸಂಗತಿಗಳನ್ನು ಹೇಳುವಾಗ ಹಳೆಯ ಮಾತುಗಳು ಬಂದರೆ, ಅವು ಆ ಕಾಲದವರ ಮನಸ್ಸನ್ನು ತೋರಿಸುವುದಕ್ಕಾಗಿ ಬಂದುವೆಂದು ಕೇಳುವವರು ತಿಳಿಯಬೇಕು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆ ಮನಸ್ಸು ಹೇಗಿದ್ದಿತು? ಅಮೆರಿಕಾದ ನ್ಯೂಜರ್ಸಿ ಸಂಸ್ಥಾನದಲ್ಲಿ ವೈನ್‌ಲೆಂಡ್ ಎಂಬ ಊರಿದೆ. ಅಲ್ಲಿ ಬುದ್ಧಿಮಾಂದ್ಯವುಳ್ಳ ಮಕ್ಕಳಿಗಾಗಿ ಒಂದು ಪ್ರಸಿದ್ಧವಾದ ಶಿಕ್ಷಣಶಾಲೆಯಿದ್ದಿತು. ೧೯೦೬ರಿಂದ ಹೆನ್ರಿ ಗೊಡಾರ್ಡ್ ಎಂಬ ಮನಶ್ಶಾಸ್ತ್ರಜ್ಞನು ಅಲ್ಲಿ ಸಂಶೋಧನೆಯ ಮುಖ್ಯಸ್ಥನಾಗಿದ್ದನು. ಮೋರನ್ ಎಂಬ ಪದವನ್ನು ಹುಟ್ಟಿಸಿದವನು ಆತನೇ. ಆ ಶಾಲೆಯಲ್ಲಿದ್ದ ಒಬ್ಬ ಹುಡುಗಿಯ ವಂಶಾವಳಿಯನ್ನು ಹಿಡಿದು ಆತನು ೧೯೧೨ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಕಲಿಕಾಕ್ ಎಂಬ ಕಲ್ಪಿತ ಹೆಸರಿನ ಆ ಮನೆತನದಲ್ಲಿ ಒಂದು ಶಾಖೆಯವರೆಲ್ಲರೂ ಸತ್ಪ್ರಜೆಗಳೆಂದೂ, ಇನ್ನೊಂದು ಶಾಖೆಯಲ್ಲಿ ಮಂದಬುದ್ಧಿಯೂ ಕುಡಿತವೂ ದುರಾಚಾರವೂ ರಕ್ತದಲ್ಲಿಯೇ ಇಳಿದು ಬಂದುವೆಂದೂ ಆತನ ವಾದ. ಮುಂದೆ ಶೋಧಿಸಿದವರು ಆ ‘ಕೆಟ್ಟ’ ಶಾಖೆಯಲ್ಲಿ ಸಾಧಾರಣ ಸಂಸಾರಿಗಳಾಗಿ ಬಾಳಿದವರು ಬೇಕಾದಷ್ಟು ಮಂದಿಯನ್ನು ಕಂಡರು. ಆದರೆ ಅಷ್ಟರಲ್ಲಿ ಪುಸ್ತಕವು ತನ್ನ ಕೆಲಸವನ್ನು ಮಾಡಿ ಮುಗಿಸಿದ್ದಿತು. ಮಗುವಿನ ಬುದ್ಧಿ ಬೆಳೆಯಲಿಲ್ಲವೆಂದರೆ ಮನೆತನದ ರಕ್ತ ಕೆಟ್ಟದೆಂಬ ನಂಬಿಕೆಯು ವಿದ್ಯಾವಂತರಲ್ಲಿಯೇ ಬೇರೂರಿತು.

ನಂಬಿಕೆ ನ್ಯಾಯಸ್ಥಾನವನ್ನು ಏರುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ೧೯೨೭ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು, ಮಂದಬುದ್ಧಿಯವರೆಂದು ನಿರ್ಣಯಿಸಲ್ಪಟ್ಟವರಿಗೆ ಅವರ ಒಪ್ಪಿಗೆಯಿಲ್ಲದೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಬಹುದೆಂದು ತೀರ್ಪಿತ್ತಿತು. ಅಂಥ ಕಾಯಿದೆಗಳ ಕೆಳಗೆ ಆ ದೇಶದಲ್ಲಿ ೬೦,೦೦೦ಕ್ಕೂ ಮಿಕ್ಕ ಜನ ಈ ಚಿಕಿತ್ಸೆಗೆ ಗುರಿಯಾದರು. ಜರ್ಮನಿಯು ೧೯೩೩ರಲ್ಲಿ ಅದೇ ಬಗೆಯ ಕಾಯಿದೆಯನ್ನು ಮಾಡಿ, ಯುದ್ಧವು ಮೊದಲಾದ ಮೇಲೆ ಇನ್ನೂ ಮುಂದಕ್ಕೆ ಹೋಯಿತು. ಆಸ್ಪತ್ರೆಗಳಲ್ಲಿಯೂ ಆಶ್ರಯಶಾಲೆಗಳಲ್ಲಿಯೂ ಇದ್ದ ೭೦,೦೦೦ಕ್ಕೂ ಹೆಚ್ಚು ಮಂದಿಯನ್ನು ೧೯೪೦-೪೧ರಲ್ಲಿ ವಿಷವಾಯುವಿನಿಂದ ಕೊಂದಿತು. ಕೊಲ್ಲಬೇಕಾದವರ ಪಟ್ಟಿಯನ್ನು ಪರಿಶೀಲಿಸಿ ಗುರುತು ಹಾಕಿದವರು ವೈದ್ಯರು. ಸತ್ತವರ ಮನೆಗಳಿಗೆ ಸುಳ್ಳು ಕಾರಣವನ್ನು ಬರೆದ ಪತ್ರಗಳು ಹೋದುವು.

ಇಂಥ ಕಾಲದಲ್ಲಿ ಮಗುವನ್ನು ಎತ್ತಿಕೊಂಡು ವೈದ್ಯನ ಬಳಿಗೆ ಬಂದ ತಾಯಿಗೆ ದೊರೆಯುತ್ತಿದ್ದ ಉಪದೇಶವು ಬಹುಮಟ್ಟಿಗೆ ಒಂದೇ: ಮಗುವನ್ನು ಯಾವುದಾದರೂ ಶಾಲೆಗೆ ಒಪ್ಪಿಸಿ ಮರೆತುಬಿಡಿ. ಒಪ್ಪಿಸಿದವರೂ ಮನೆಯಲ್ಲಿಟ್ಟುಕೊಂಡವರೂ ಬಾಯಿ ಬಿಡುತ್ತಿರಲಿಲ್ಲ. ರಕ್ತದ ಮೇಲಿನ ಅಪವಾದವನ್ನು ಯಾರು ತಾನೇ ಸಾರಿಕೊಂಡಾರು? ಮನೆಯಲ್ಲಿ ಬೇರೆ ಹೆಣ್ಣುಮಕ್ಕಳು ಮದುವೆಗೆ ಇದ್ದರಂತೂ ಮೌನ ಮತ್ತಷ್ಟು ಬಿಗಿಯಾಗುತ್ತಿತ್ತು. ಅಪವಾದದ ಹೆಸರು ನಮ್ಮಲ್ಲಿ ಪೂರ್ವಜನ್ಮದ ಕರ್ಮ, ಅವರಲ್ಲಿ ವಂಶದ ದೋಷ; ಭಾರವು ಬಿದ್ದದ್ದು ಮಾತ್ರ ಎರಡು ಕಡೆಯೂ ಹೆತ್ತವಳ ತಲೆಯ ಮೇಲೆಯೇ.

ಆ ಮೌನವನ್ನು ಮುರಿದವರಲ್ಲಿ ಒಬ್ಬಾಕೆ ನಾರ್ವೆ ದೇಶದ ಓಸ್ಲೋ ನಗರದ ಗೃಹಿಣಿ, ಬೋರ್ಗ್ನಿ ಈಗೆಲಾನ್. ಆಕೆಗೆ ಇಬ್ಬರು ಮಕ್ಕಳು. ಹುಟ್ಟಿದಾಗ ಇಬ್ಬರೂ ಚೆನ್ನಾಗಿಯೇ ಇದ್ದರು. ಆದರೆ ಮಗಳಿಗೆ ಮಾತು ಬರಲಿಲ್ಲ. ಏಳು ವರ್ಷ ಸಮೀಪಿಸಿದರೂ ಆಡುತ್ತಿದ್ದುದು ಕೆಲವೇ ಪದಗಳು. ನಾಲ್ಕು ವರ್ಷದ ಮಗನು ನಡೆಯಲಾರ, ಮಾತಾಡಲಾರ, ದೃಷ್ಟಿಯನ್ನು ಒಂದು ಕಡೆ ನಿಲ್ಲಿಸಲಾರ. ತಾಯಿ ಒಬ್ಬರಾದ ಮೇಲೆ ಒಬ್ಬರಂತೆ ಅನೇಕ ವೈದ್ಯರನ್ನು ಕಂಡಳು. ಇಬ್ಬರು ಮಕ್ಕಳ ಮೈಯಿಂದಲೂ ಒಂದು ವಿಚಿತ್ರವಾದ ಮುಗ್ಗಲು ವಾಸನೆ ಬರುತ್ತದೆಂದು ಹೇಳಿದಳು. ಎಷ್ಟು ಸ್ನಾನ ಮಾಡಿಸಿದರೂ ಹೋಗದ ವಾಸನೆ ಅದು. ಅದಕ್ಕೂ ಮಕ್ಕಳ ಸ್ಥಿತಿಗೂ ಏನೋ ಸಂಬಂಧವಿರಬೇಕೆಂದು ಆಕೆಯ ಊಹೆ. ಆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ತಾಯಿಯ ಮೂಗು ಶಾಸ್ತ್ರಕ್ಕೆ ಪ್ರಮಾಣವೆಂದು ಯಾವ ಗ್ರಂಥದಲ್ಲಿಯೂ ಬರೆದಿರಲಿಲ್ಲವಷ್ಟೆ.

೧೯೩೪ರಲ್ಲಿ ಆ ಮಾತು ಆಸ್ಬ್ಯೋರ್ನ್ ಫೋಲಿಂಗ್ ಎಂಬಾತನ ಕಿವಿಗೆ ಬಿದ್ದಿತು. ಫೋಲಿಂಗನು ವೈದ್ಯನಾಗುವುದಕ್ಕೆ ಮುಂಚೆ ರಸಾಯನಶಾಸ್ತ್ರವನ್ನು ಓದಿದ್ದವನು. ಮಕ್ಕಳನ್ನು ಪರೀಕ್ಷಿಸಿದಾಗ ಹೊಸದೇನೂ ತೋರಲಿಲ್ಲ. ಆದರೂ ತಾಯಿಯ ಮಾತನ್ನು ತಳ್ಳಿಹಾಕದೆ ಮಕ್ಕಳ ಮೂತ್ರವನ್ನು ತರಿಸಿ, ಆಗ ವಾಡಿಕೆಯಲ್ಲಿದ್ದ ಒಂದು ಪರೀಕ್ಷೆಯನ್ನು ಮಾಡಿದನು. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣದ ದ್ರವವನ್ನು ಬೆರೆಸಿದರೆ ಸಾಧಾರಣವಾಗಿ ಮೂತ್ರವು ಕಂದು ಬಣ್ಣದಲ್ಲಿ ಉಳಿಯಬೇಕು. ಮಧುಮೇಹ ಬಲಿತವರಲ್ಲಿ ಕೆನ್ನೇರಿಳೆಯಾಗಬೇಕು. ಈ ಮಕ್ಕಳ ಮೂತ್ರವು ಕಡುಹಸುರಾಯಿತು. ಅಂಥ ಬಣ್ಣವನ್ನು ಆತನು ಹಿಂದೆ ಕಂಡಿರಲಿಲ್ಲ. ಔಷಧಗಳ ಪ್ರಭಾವವಿದ್ದೀತೆಂದು ಎಲ್ಲ ಔಷಧವನ್ನೂ ನಿಲ್ಲಿಸಿ ಮತ್ತೆ ತರಹೇಳಿದನು. ಮತ್ತೆಯೂ ಹಸುರು. ಮುಂದೆ ಸುಮಾರು ಎರಡು ತಿಂಗಳ ಕಾಲ ತಾಯಿಯು ಮನೆಯಿಂದ ಮೂತ್ರವನ್ನು ಹೊತ್ತು ಪ್ರಯೋಗಶಾಲೆಗೆ ತಂದುಕೊಟ್ಟಳು. ಆತನು ಅದನ್ನು ಶೋಧಿಸಿ ಶೋಧಿಸಿ ಹಸುರು ಬಣ್ಣಕ್ಕೆ ಕಾರಣವಾದ ವಸ್ತುವನ್ನು ಶುದ್ಧ ಹರಳಾಗಿ ಬೇರ್ಪಡಿಸಿದನು. ಅದು ಫೆನಿಲ್ ಪೈರೂವಿಕ್ ಆಮ್ಲ. ಅನಂತರ ಬುದ್ಧಿಮಾಂದ್ಯವುಳ್ಳವರ ಆಶ್ರಯಶಾಲೆಗಳಿಗೆ ಹೋಗಿ ೪೩೦ ಮಂದಿಯನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಅದೇ ಹಸುರು ಕಂಡಿತು.

ಇದರ ಅರ್ಥವೇನೆಂಬುದನ್ನು ಸ್ವಲ್ಪ ವಿವರಿಸಬೇಕು. ನಾವು ತಿನ್ನುವ ಹಾಲು, ಮೊಸರು, ಬೇಳೆ, ಕಾಳು, ಮಾಂಸ, ಮೊಟ್ಟೆ ಇವುಗಳಲ್ಲಿರುವ ಪ್ರೋಟೀನಿನ ಒಂದು ಘಟಕಕ್ಕೆ ಫೆನಿಲ್ ಅಲನಿನ್ ಎಂದು ಹೆಸರು. ದೇಹಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಯಕೃತ್ತಿನ ಒಂದು ಕಿಣ್ವವು ಬೇರೊಂದು ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಈ ಮಕ್ಕಳಲ್ಲಿ ಆ ಕಿಣ್ವವು ಕೆಲಸ ಮಾಡುವುದಿಲ್ಲ. ಆದ್ದರಿಂದ ಫೆನಿಲ್ ಅಲನಿನ್ ರಕ್ತದಲ್ಲಿ ಶೇಖರವಾಗಿ, ಬೆಳೆಯುತ್ತಿರುವ ಮಿದುಳನ್ನು ಕೆಡಿಸುತ್ತದೆ. ಗರ್ಭದಲ್ಲಿರುವವರೆಗೆ ತಾಯಿಯ ದೇಹವೇ ಶಿಶುವಿನ ಪರವಾಗಿ ಆ ಕೆಲಸವನ್ನು ನಡೆಸುತ್ತದೆ. ಆದ್ದರಿಂದಲೇ ಹುಟ್ಟುವಾಗ ಶಿಶುವಿನಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಕೇಡು ಮೊದಲಾಗುವುದು ಹುಟ್ಟಿದ ಮೇಲೆ, ಹಾಲು ಕುಡಿಯತೊಡಗಿದ ಮೇಲೆ. ಇಡೀ ಲೋಕದಲ್ಲಿ ಅಮೃತವೆಂದು ಹೆಸರಾದ ತಾಯಿಯ ಹಾಲೂ ಅಳತೆ ಮೀರಿದರೆ ಈ ಮಗುವಿಗೆ ವಿಷವಾಗುತ್ತದೆ. ಇದನ್ನು ಯಾವ ತಾಯಿ ತಾನೇ ಊಹಿಸಿಯಾಳು!

ಈ ರೋಗಕ್ಕೆ ಫೆನಿಲ್ ಕೀಟೋನ್ ಯೂರಿಯ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಲಯೊನೆಲ್ ಪೆನ್ರೋಸನಿಂದ. ಆತನು ಕೆಟ್ಟ ರಕ್ತದ ವಾದಕ್ಕೆ ಈ ರೋಗದಿಂದಲೇ ಉತ್ತರ ಕೊಟ್ಟನು. ೧೯೪೬ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ, ವಂಶೋತ್ಕರ್ಷಶಾಸ್ತ್ರದ ಪೀಠದಿಂದಲೇ ಮಾಡಿದ ತನ್ನ ಮೊದಲ ಉಪನ್ಯಾಸದಲ್ಲಿ ಆತನು ಈ ರೋಗವನ್ನೇ ವಿಷಯವಾಗಿ ಆರಿಸಿಕೊಂಡನು. ರೋಗವು ವಂಶಪಾರಂಪರ್ಯವಾದುದು ನಿಜ. ಆದರೆ ಅದರ ಬೀಜವು ತಾಯಿಯಿಂದಲೂ ತಂದೆಯಿಂದಲೂ ಒಂದೊಂದು ಬಂದು ಕೂಡಿದರೆ ಮಾತ್ರ ಮಗುವಿನಲ್ಲಿ ಪ್ರಕಟವಾಗುತ್ತದೆ. ಒಂದೇ ಬೀಜವನ್ನು ಹೊತ್ತವರು ಸಂಪೂರ್ಣವಾಗಿ ಆರೋಗ್ಯವಂತರು. ಅಂಥವರು ಎಲ್ಲ ಅಂತಸ್ತಿನಲ್ಲಿಯೂ, ವಿದ್ವಾಂಸರಲ್ಲಿಯೂ ನ್ಯಾಯಾಧೀಶರಲ್ಲಿಯೂ ಹರಡಿದ್ದಾರೆ. ಬೀಜವನ್ನು ನಿರ್ಮೂಲ ಮಾಡಬೇಕೆಂದು ಹೊರಟರೆ ದೇಶದಲ್ಲಿ ನೂರಕ್ಕೆ ಒಬ್ಬರನ್ನಾದರೂ, ಅದೂ ಯಾವ ಕೊರತೆಯೂ ಇಲ್ಲದವರನ್ನು, ಶಸ್ತ್ರಚಿಕಿತ್ಸೆಗೆ ಗುರಿಮಾಡಬೇಕಾಗುತ್ತದೆ. ಹೀಗೆ ಕೆಟ್ಟ ರಕ್ತ, ಒಳ್ಳೆಯ ರಕ್ತ ಎಂಬ ವಿಭಾಗಕ್ಕೆ ಬುಡವೇ ಉಳಿಯಲಿಲ್ಲ.

ಈಗ ಮತ್ತೊಬ್ಬ ತಾಯಿಯ ಕಡೆಗೆ ತಿರುಗೋಣ. ‘ದಿ ಗುಡ್ ಅರ್ತ್’ ಎಂಬ ಕಾದಂಬರಿಯನ್ನು ಬರೆದು, ೧೯೩೮ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಪರ್ಲ್ ಬಕ್ ಎಂಬಾಕೆಯ ಹೆಸರನ್ನು ನಮ್ಮ ಓದುಗರು ಬಲ್ಲರು. ಆ ಕಾದಂಬರಿಯ ರೈತನಿಗೆ ಬುದ್ಧಿ ಬೆಳೆಯದ ಒಬ್ಬ ಮಗಳಿದ್ದಾಳೆ. ಆ ಪಾತ್ರವು ಎಲ್ಲಿಂದ ಬಂದಿತೆಂಬುದು ೧೯೩೧ರಲ್ಲಿ ಪುಸ್ತಕವನ್ನು ಓದಿದವರಿಗೆ ಗೊತ್ತಿರಲಿಲ್ಲ. ಲೇಖಕಿಗೆ ೧೯೨೦ರಲ್ಲಿ ಚೀನಾ ದೇಶದಲ್ಲಿ ಒಬ್ಬ ಮಗಳು ಹುಟ್ಟಿದ್ದಳು. ನೋಡುವುದಕ್ಕೆ ಮುದ್ದಾದ ಮಗು. ಬುದ್ಧಿ ಮಾತ್ರ ಬೆಳೆಯಲಿಲ್ಲ. ಆಕೆಯು ಮಗುವನ್ನು ಕರೆದುಕೊಂಡು ಅಮೆರಿಕಾದಲ್ಲಿ ವೈದ್ಯರಿಂದ ವೈದ್ಯರಿಗೆ ಅಲೆದಳು. ದೊಡ್ಡ ವೈದ್ಯರು ಉಪಚಾರದ ಮಾತಾಡಿದರು. ಕೊನೆಗೆ ಒಬ್ಬ ಸಾಧಾರಣ ವೈದ್ಯನು ಹಜಾರದಲ್ಲಿ ಆಕೆಯನ್ನು ತಡೆದು, ಈ ಮಗು ಎಂದಿಗೂ ಸರಿಹೋಗುವುದಿಲ್ಲವೆಂದು ನೇರವಾಗಿ ಹೇಳಿಬಿಟ್ಟನು. ಆ ಕ್ರೂರವಾದ ಸತ್ಯಕ್ಕಾಗಿ ತಾನು ಆತನಿಗೆ ಋಣಿಯೆಂದು ಆಕೆ ಮುಂದೆ ಬರೆದಳು. ೧೯೨೯ರಲ್ಲಿ ಮಗಳನ್ನು ವೈನ್‌ಲೆಂಡಿನ ಶಾಲೆಗೆ ಸೇರಿಸಿದಳು: ಹಿಂದೆ ಗೊಡಾರ್ಡನು ಕೆಲಸ ಮಾಡಿದ ಅದೇ ಶಾಲೆ. ಮಗಳ ಜೀವನಪರ್ಯಂತದ ವೆಚ್ಚಕ್ಕಾಗಿ ಹಣ ಬೇಕಾಗಿದ್ದುದು ಆಕೆಯು ಬರವಣಿಗೆಗೆ ಕೈಹಾಕಿದುದಕ್ಕೆ ಒಂದು ಮುಖ್ಯ ಕಾರಣ.

ಮೂವತ್ತು ವರ್ಷ ಈ ವಿಷಯವನ್ನು ಲೋಕದಿಂದ ಮುಚ್ಚಿಟ್ಟ ಆಕೆ ೧೯೫೦ರಲ್ಲಿ ‘ಬೆಳೆಯದ ಮಗು’ ಎಂಬರ್ಥದ ಹೆಸರಿನಿಂದ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಅದನ್ನು ಓದಿದ ಎಷ್ಟೋ ತಾಯಿತಂದೆಗಳಿಗೆ, ಈ ದುಃಖ ತಮ್ಮೊಬ್ಬರದೇ ಅಲ್ಲವೆಂಬುದು ಮೊದಲ ಬಾರಿಗೆ ತಿಳಿಯಿತು. ಅದೇ ವರ್ಷ ಅಮೆರಿಕಾದಲ್ಲಿ ಇಂಥ ಮಕ್ಕಳ ಹೆತ್ತವರು ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಆಕೆಯ ಮಗಳಿಗೆ ಇದ್ದುದು ಫೆನಿಲ್ ಕೀಟೋನ್ ಯೂರಿಯವೆಂದು ಗೊತ್ತಾದದ್ದು ಬಹಳ ತಡವಾಗಿ, ಆ ಮಗಳು ನಡುವಯಸ್ಸಿನವಳಾದ ಮೇಲೆ. ಆಗ ತಿಳಿದು ಮಾಡುವುದೇನೂ ಉಳಿದಿರಲಿಲ್ಲ.

ಚಿಕಿತ್ಸೆಯ ದಾರಿಯನ್ನು ತೆರೆಸಿದವಳೂ ಒಬ್ಬ ತಾಯಿಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಯಲ್ಲಿ ಹೋರ್ಸ್ಟ್ ಬಿಕೆಲ್ ಎಂಬ ಜರ್ಮನ್ ವೈದ್ಯನು ಕೆಲಸ ಮಾಡುತ್ತಿದ್ದನು. ಹದಿನೇಳು ತಿಂಗಳ ಒಂದು ಹೆಣ್ಣುಮಗುವಿಗೆ ಈ ರೋಗವಿರುವುದನ್ನು ಆತನು ಕಂಡುಹಿಡಿದನು. ರೋಗದ ಹೆಸರನ್ನು ಹೇಳಿದರೆ ತಾಯಿಗೆ ತೃಪ್ತಿಯಾಗಲಿಲ್ಲ. ಹೆಸರು ಗೊತ್ತಾದರೆ ಸಾಲದು, ಮದ್ದು ಎಲ್ಲಿ ಎಂದು ಆಕೆ ದಿನಬೆಳಗಾದರೆ ಪ್ರಯೋಗಶಾಲೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಬಿಕೆಲನೂ ಆತನ ಜೊತೆಗಾರರಾದ ಜೆರಾರ್ಡ್ ಮತ್ತು ಹಿಕ್‌ಮನ್ಸ್ ಎಂಬವರೂ, ಲೂಯಿ ವುಲ್ಫ್ ಎಂಬ ರಸಾಯನಶಾಸ್ತ್ರಜ್ಞನ ಸಲಹೆಯಂತೆ, ಹಾಲಿನ ಪ್ರೋಟೀನನ್ನು ಒಡೆದು ಇದ್ದಿಲಿನ ಮೂಲಕ ಸೋಸಿ, ಫೆನಿಲ್ ಅಲನಿನ್ ಇಲ್ಲದ ಒಂದು ಆಹಾರವನ್ನು ಸಿದ್ಧಪಡಿಸಿದರು. ಕೆಲವು ತಿಂಗಳಲ್ಲಿ ಮಗು ಅಂಬೆಗಾಲಿಟ್ಟಿತು, ನಿಂತಿತು. ಸದಾ ಅಳುವುದನ್ನೂ ತಲೆ ಚಚ್ಚಿಕೊಳ್ಳುವುದನ್ನೂ ನಿಲ್ಲಿಸಿತು. ಇದು ಆಹಾರದ ಗುಣವೇ, ಅಥವಾ ಆರೈಕೆಯ ಗುಣವೇ? ತಿಳಿಯುವುದಕ್ಕಾಗಿ ವೈದ್ಯರು ತಾಯಿಗೂ ಹೇಳದೆ ಅದೇ ಆಹಾರದಲ್ಲಿ ಫೆನಿಲ್ ಅಲನಿನನ್ನು ಸೇರಿಸಿಕೊಟ್ಟರು. ಕೆಲವೇ ದಿನಗಳಲ್ಲಿ, ಮಗು ಕಲಿತದ್ದನ್ನೆಲ್ಲ ಕಳೆದುಕೊಳ್ಳುತ್ತಿದೆಯೆಂದು ತಾಯಿಯೇ ಕಂಗಾಲಾಗಿ ಓಡಿಬಂದಳು. ಶಾಸ್ತ್ರಕ್ಕೆ ಬೇಕಾದ ಪ್ರಮಾಣ ದೊರೆಯಿತು; ಆದರೆ ತಾಯಿಗೆ ತಿಳಿಸದೆ ಅದನ್ನು ಪಡೆದ ಬಗೆಯನ್ನು ಇಂದಿನ ವೈದ್ಯಧರ್ಮವು ಒಪ್ಪಲಾರದು. ಈ ವೃತ್ತಾಂತವು ೧೯೫೩ರಲ್ಲಿ ಪ್ರಕಟವಾಯಿತು.

ಮದ್ದು ಇದೆ, ಆದರೆ ಮಿದುಳು ಕೆಡುವುದಕ್ಕೆ ಮುಂಚೆ ಮಗುವನ್ನು ಗುರುತಿಸುವುದು ಹೇಗೆ? ಮೂತ್ರದ ಹಸುರು ಬಣ್ಣ ಕಾಣಿಸುವುದು ಹುಟ್ಟಿ ಕೆಲವು ವಾರಗಳಾದ ಮೇಲೆ. ಇದಕ್ಕೆ ಉತ್ತರವನ್ನು ಕೊಟ್ಟವನು ಅಮೆರಿಕಾದ ಬಫಲೋ ನಗರದ ಸೂಕ್ಷ್ಮಜೀವಿಶಾಸ್ತ್ರಜ್ಞ ರಾಬರ್ಟ್ ಗಥ್ರಿ. ಅವನು ಈ ಕೆಲಸಕ್ಕೆ ಬಂದದ್ದು ವಿಜ್ಞಾನಿಯಾಗಿ ಅಲ್ಲ, ತಂದೆಯಾಗಿ. ಅವನ ಮಗನೊಬ್ಬನಿಗೆ ಬೌದ್ಧಿಕ ವಿಕಲತೆಯಿದ್ದಿತು. ಅದಕ್ಕೆ ಕಾರಣ ಫೆನಿಲ್ ಕೀಟೋನ್ ಯೂರಿಯವಲ್ಲ. ಊರಿನ ಹೆತ್ತವರ ಸಂಘಕ್ಕೆ ಸೇರಿ, ಅಲ್ಲಿಯ ಮಾತುಕತೆಯಿಂದ ಈ ರೋಗದ ವಿಷಯವನ್ನು ತಿಳಿದನು. ಅಷ್ಟರಲ್ಲಿ ಅವನ ಹೆಂಡತಿಯ ತಂಗಿಯ ಮಗುವಿನಲ್ಲಿಯೇ ಅದು ಕಂಡುಬಂದಿತು. ಗೊತ್ತಾದಾಗ ಮಗುವಿಗೆ ಹದಿನೈದು ತಿಂಗಳು. ಹೊತ್ತು ಮೀರಿದ್ದಿತು. ಹುಟ್ಟಿದ ಕೆಲವು ದಿನಗಳಲ್ಲಿ ಶಿಶುವಿನ ಹಿಮ್ಮಡಿಯನ್ನು ಚುಚ್ಚಿ, ಒಂದೆರಡು ಹನಿ ರಕ್ತವನ್ನು ಹೀರುಕಾಗದದ ಮೇಲೆ ಒಣಗಿಸಿ, ಅಂಚೆಯಲ್ಲಿ ಕಳುಹಿಸಿದರೆ ಸಾಕು, ದೋಷವಿದೆಯೇ ಇಲ್ಲವೇ ಎಂದು ತಿಳಿಸುವ ಅಗ್ಗದ ಪರೀಕ್ಷೆಯನ್ನು ಅವನು ರೂಪಿಸಿದನು. ೧೯೬೩ರ ಹೊತ್ತಿಗೆ ನಾಲ್ಕು ಲಕ್ಷ ಶಿಶುಗಳ ಪರೀಕ್ಷೆ ನಡೆದಿದ್ದಿತು. ವೈದ್ಯರಲ್ಲಿ ಕೆಲವರು, ತಮ್ಮ ಕಸುಬಿನಲ್ಲಿ ಶಾಸನವು ಕೈಹಾಕಬಾರದೆಂದು ವಿರೋಧಿಸಿದರು. ಹೆತ್ತವರ ಸಂಘಗಳು ಶಾಸನಸಭೆಗಳ ಬಾಗಿಲನ್ನು ತಟ್ಟಿದುವು. ೧೯೬೩ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಉಳಿದ ಸಂಸ್ಥಾನಗಳೂ ದೇಶಗಳೂ ಒಂದೊಂದಾಗಿ ಹಿಂಬಾಲಿಸಿದುವು. ಇಂದು ಹೀಗೆ ಗುರುತಿಸಲ್ಪಟ್ಟ ಮಕ್ಕಳು, ಜೀವಮಾನವೆಲ್ಲ ಅಳೆದು ತೂಗಿ ಉಣ್ಣಬೇಕಾದರೂ, ಎಲ್ಲರಂತೆ ಓದಿ ಉದ್ಯೋಗ ಹಿಡಿದು ಸಂಸಾರ ಹೂಡುತ್ತಾರೆ.

ಈ ಚರಿತ್ರೆಯ ಒಂದು ಕೊಂಡಿ ನಮ್ಮ ನಾಡಿನಲ್ಲಿಯೂ ಇದೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾಯರೂ ಅವರ ಸಹೋದ್ಯೋಗಿಗಳೂ ಕರ್ನಾಟಕದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತವನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಿದರು. ಭಾರತದಲ್ಲಿ ಈ ಬಗೆಯ ಕಾರ್ಯಕ್ಕೆ ಅದೇ ಮೊದಲು. ಅವರ ಗಣನೆಯಲ್ಲಿ ಆ ಕಾಲದ ತಾಯಿತಂದೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ರಕ್ತಸಂಬಂಧದಲ್ಲಿ ಮದುವೆಯಾದವರು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಒಂದೇ ಅಜ್ಜನಿಂದ ಬಂದ ಬೀಜವು ಇಬ್ಬರಲ್ಲಿಯೂ ಇರುವ ಸಂಭವವು ಅಂಥ ದಾಂಪತ್ಯದಲ್ಲಿ ಹೆಚ್ಚು. ಇದನ್ನು ತಿಳಿಯುವುದು ವಿವೇಕ. ಆದರೆ ಇದನ್ನು ಹಿಡಿದುಕೊಂಡು ಆಗಲೇ ಮಗುವನ್ನು ಎತ್ತಿಕೊಂಡಿರುವ ಸೊಸೆಯನ್ನು ಹಂಗಿಸುವುದು ಕಲಿಕಾಕ್ ಪುಸ್ತಕದ ಅಪವಾದವನ್ನೇ ಹೊಸ ಮಾತಿನಲ್ಲಿ ಹೇಳಿದಂತೆ. ಫೆನಿಲ್ ಕೀಟೋನ್ ಯೂರಿಯವು ನಮ್ಮಲ್ಲಿ ಯೂರೋಪಿಗಿಂತ ವಿರಳ. ಆದರೆ ಅದೇ ರೀತಿಯಲ್ಲಿ ಹಿಮ್ಮಡಿಯ ರಕ್ತದಿಂದ ಗುರುತಿಸಿ ತಡೆಯಬಹುದಾದ ಥೈರಾಯ್ಡ್ ಗ್ರಂಥಿಯ ಕೊರತೆಯು ವಿರಳವಲ್ಲ. ಆದರೂ ಇಡೀ ದೇಶದ ಎಲ್ಲ ಶಿಶುಗಳಿಗೂ ದೊರೆಯುವ ಪರೀಕ್ಷೆಯ ವ್ಯವಸ್ಥೆ ಇನ್ನೂ ಆಗಬೇಕಾಗಿದೆ.

ಇಲ್ಲಿಗೆ ನಿಲ್ಲಿಸಿದರೆ ಇದು ಗೆಲುವಿನ ಕಥೆಯಾಗುತ್ತದೆ. ಆದರೆ ಪ್ರಶ್ನೆಯನ್ನು ಕೇಳಿದವರ ಮನೆಗೆ ಆ ಗೆಲುವು ಬಂದಿತೇ? ಓಸ್ಲೋ ನಗರದ ತಾಯಿಯ ಇಬ್ಬರು ಮಕ್ಕಳಿಗೂ ಚಿಕಿತ್ಸೆ ದೊರೆಯಲಿಲ್ಲ. ಅದು ಹುಟ್ಟುವುದಕ್ಕೆ ಇನ್ನೂ ಸುಮಾರು ಇಪ್ಪತ್ತು ವರ್ಷ ಬೇಕಾಗಿದ್ದಿತು. ಬರ್ಮಿಂಗ್‌ಹ್ಯಾಮಿನ ಮಗುವಿಗೆ ಮದ್ದು ಬಂದದ್ದು ಮಿದುಳು ಕೆಟ್ಟ ಮೇಲೆ. ಪರ್ಲ್ ಬಕ್ಕಳ ಮಗಳು ತಾಯಿ ತೀರಿದ ಮೇಲೂ ಬದುಕಿದ್ದು, ೧೯೯೨ರಲ್ಲಿ ವೈನ್‌ಲೆಂಡಿನಲ್ಲಿಯೇ ತೀರಿಕೊಂಡಳು. ಗಥ್ರಿಯ ಪರೀಕ್ಷೆಯಿಂದ ಅವನ ಮಗನಿಗೆ ಆಗಬೇಕಾದ ಉಪಕಾರವೇ ಇರಲಿಲ್ಲ. ಇವರೆಲ್ಲರ ದುಡಿಮೆಯ ಫಲವನ್ನು ಉಂಡವರು ಅನ್ಯರ ಮಕ್ಕಳು. ತನ್ನ ಮಗುವಿನ ಮೇಲಿನ ಮಮತೆಯನ್ನು ಸ್ವಾರ್ಥದ ಇನ್ನೊಂದು ರೂಪವೆಂದು ಕೆಲವು ವೇದಾಂತಿಗಳು ಹೇಳುವುದುಂಟು. ಈ ಚರಿತ್ರೆಯನ್ನು ಬಲ್ಲವರು ಹಾಗೆ ಹೇಳುವುದಕ್ಕೆ ಮುಂಚೆ ಸ್ವಲ್ಪ ತಡೆಯುವರು.

ಮತ್ತೊಂದು ಮಾತು. ಹೀಗೆ ಕಾರಣ ತಿಳಿದು, ತಡೆಯುವ ಉಪಾಯವೂ ತಿಳಿದಿರುವ ರೋಗಗಳು ಕೆಲವು ಮಾತ್ರ. ಬೌದ್ಧಿಕ ವಿಕಲತೆಯುಳ್ಳ ಎಷ್ಟೋ ಮಕ್ಕಳಲ್ಲಿ ಕಾರಣವೇ ಗೊತ್ತಾಗುವುದಿಲ್ಲ; ಗೊತ್ತಾದರೂ ಮದ್ದಿಲ್ಲ. ಆ ಮನೆಗಳಲ್ಲಿ “ಏಕೆ ಹೀಗಾಯಿತು?” ಎಂಬ ಮೊದಲನೆಯ ಪ್ರಶ್ನೆ ಕಾಲಕ್ರಮದಲ್ಲಿ ಹಿಂದೆ ಸರಿದು, ಎರಡನೆಯದೊಂದು ಪ್ರಶ್ನೆ ಮುಂದೆ ಬರುತ್ತದೆ: “ನಾವು ಹೋದ ಮೇಲೆ ಇವನ ಗತಿಯೇನು?” ಮಗನಿಗೆ ನಲವತ್ತು ವರ್ಷ, ತಾಯಿಗೆ ಎಪ್ಪತ್ತು, ಇಂದಿಗೂ ಅವನಿಗೆ ತಲೆ ಬಾಚುವವಳು ಅವಳೇ, ಅನ್ನ ಕಲಸಿಕೊಡುವವಳು ಅವಳೇ. ಈ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರ ಕೊಡಲಾರದು.

ಆದರೂ ನಮ್ಮ ದೇಶದ ಹೆತ್ತವರು ಇದನ್ನೂ ಕೇಳದೆ ಬಿಡಲಿಲ್ಲ. ೧೯೪೪ರಲ್ಲಿ ಮುಂಬಯಿಯಲ್ಲಿ ಜೈ ವಕೀಲ್ ಎಂಬಾಕೆಯು ತನ್ನ ಮಗಳಿಗೆ ತಕ್ಕ ಶಾಲೆ ಇಲ್ಲದಿರಲು ತಾನೇ ಒಂದನ್ನು ತೆರೆದಳು. ಅದು ಇಂದು ದೊಡ್ಡ ಸಂಸ್ಥೆಯಾಗಿದೆ. ಇತ್ತ ಕಾಯಿದೆಯ ವಿಷಯ. ೧೯೧೨ರ ಕಾಯಿದೆಯು ಬುದ್ಧಿಮಾಂದ್ಯವುಳ್ಳವರನ್ನೂ ಹುಚ್ಚರ ಲೆಕ್ಕಕ್ಕೆ ಸೇರಿಸಿದ್ದಿತು. ೧೯೮೭ರ ಹೊಸ ಕಾಯಿದೆಯು ಅವರನ್ನು ಆ ಲೆಕ್ಕದಿಂದ ಬಿಟ್ಟಿತು; ಅದು ಒಳ್ಳೆಯದೇ ಆಯಿತು. ಆದರೆ ಹದಿನೆಂಟು ವರ್ಷ ತುಂಬಿದ ಅಂಥವರಿಗೆ ಪೋಷಕರನ್ನು ನೇಮಿಸುವ ಸುಲಭವಾದ ದಾರಿಯನ್ನು ಮಾತ್ರ ಕಲ್ಪಿಸಲಿಲ್ಲ. ಮಗನ ಹೆಸರಿನಲ್ಲಿ ಹಣವಿಟ್ಟರೆ ಅವನ ಪರವಾಗಿ ರುಜು ಹಾಕುವವರಾರು ಎಂಬುದೇ ತೊಡಕಾಯಿತು. ದೇಶದ ನಾನಾ ಊರುಗಳ ಹೆತ್ತವರ ಸಂಘಗಳು ೧೯೯೦ರ ದಶಕದ ನಡುವಿನಲ್ಲಿ ಕೂಡಿ, ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡು ‘ಪರಿವಾರ್’ ಎಂಬ ರಾಷ್ಟ್ರೀಯ ಒಕ್ಕೂಟವನ್ನು ಸ್ಥಾಪಿಸ��ದುವು. ೧೯೯೯ರಲ್ಲಿ ಪಾರ್ಲಿಮೆಂಟು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವಿಕಲತೆಯುಳ್ಳವರ ಕ್ಷೇಮಕ್ಕಾಗಿ ರಾಷ್ಟ್ರೀಯ ನ್ಯಾಸದ ಕಾಯಿದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ಜಿಲ್ಲಾಮಟ್ಟದ ಒಂದು ಸಮಿತಿಯು ಇಂಥವರಿಗೆ ಪೋಷಕರನ್ನು ನೇಮಿಸಬಹುದು. ಹೆತ್ತವರ ಎರಡನೆಯ ಪ್ರಶ್ನೆಯು ದೇಶದ ಶಾಸನಪುಸ್ತಕಕ್ಕೆ ಸೇರಿದ್ದು ಹೀಗೆ.

ಕಾಯಿದೆಯು ಪೋಷಕನನ್ನು ನೇಮಿಸೀತು, ನೆರೆಹೊರೆಯನ್ನು ನೇಮಿಸಲಾರದು. ಹೆತ್ತವರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ, ಅದಕ್ಕಿಂತ ಹೆಚ್ಚಾಗಿಯೇ ಮಾಡಿದ್ದಾರೆ. ಮಿಕ್ಕುದು ನಮ್ಮ ಪಾಲಿನದು. ಓಸ್ಲೋ ನಗರದಲ್ಲಿ ಅನೇಕ ವೈದ್ಯರು ಕೇಳದೆ ಬಿಟ್ಟ ಮಾತನ್ನು ಒಬ್ಬನು ಕೇಳಿದನು. ಅಷ್ಟರಿಂದ ಲಕ್ಷಾಂತರ ಶಿಶುಗಳ ಪರೀಕ್ಷೆಗೆ ದಾರಿಯಾಯಿತು. ನಮ್ಮ ಬೀದಿಯಲ್ಲಿಯೂ ಇಂಥ ಒಂದು ಮನೆ ಇದ್ದೀತು. ಆ ಮನೆಯ ತಾಯಿ ಏನನ್ನಾದರೂ ಹೇಳುತ್ತಿದ್ದರೆ ಉಪದೇಶ ಮಾಡದೆ ಕೇಳೋಣ. ಅಲ್ಲಿಗೆ ಮದುವೆಯ ಕರೆಯೋಲೆಯನ್ನು ಕೊಡಲು ಹೋದಾಗ “ಮಗುವನ್ನೂ ತಪ್ಪದೆ ಕರೆದುಕೊಂಡು ಬನ್ನಿ” ಎಂಬ ಒಂದು ಮಾತನ್ನು ಸೇರಿಸಿ ಹೇಳೋಣ; ಬಂದಾಗ ಎಲ್ಲರ ಪಂಕ್ತಿಯಲ್ಲಿಯೇ ಎಲೆ ಹಾಕೋಣ.